ಕರೆಯಾಳಿನ ಕೂಲಿ

ಹಿಂದಿನ ಸೀಟಿನಲ್ಲಿ ಯಾರೋ ಕೂತಿದ್ದರು.

ನಾನು ಹತ್ತಿಸಿಕೊಂಡದ್ದು ಒಬ್ಬಳನ್ನೇ! ಅವಳು ನನ್ನ ಪಕ್ಕದಲ್ಲಿದ್ದಳು. ಹೆಸರು ಪ್ರಾಪ್ತಿ. ಮೂಡುಬಿದಿರೆಯಲ್ಲಿ ಡಿಗ್ರಿ ಓದುವ ಹುಡುಗಿ. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದಳು.

"ಹಿಂದೆ ತಿರುಗಬೇಡ," ಎಂದೆ.

"ಬಂತಾ ಆಂಟಿ?"

"ಬಂತು."

"ಎಂತ ಮಾಡ್ತಾ ಉಂಟು?"

"ಕೂತಿದೆ. ಕಿಟಕಿಯಿಂದ ಹೊರಗೆ ನೋಡ್ತಾ... ನಮ್ಮ ಹಾಗೇ."

ಅವಳು ಅಳಲಿಲ್ಲ. ಅಳುವುದೆಲ್ಲ ಮುಗಿದ ಮೇಲೆಯೇ ಜನ ನನ್ನ ಹತ್ತಿರ ಬರುವುದು.

ಸುಡುವ ಬಿಸಿಲು. ವೇಣೂರಿನ ಕಡೆಗೆ ಒಂದು ತಿರುವು ದಾಟಿದ್ದೇ ಎದುರಿಗೆ ಬ್ಯಾರಿಕೇಡ್! ಪೊಲೀಸ್ ಕೈ ತೋರಿಸಿದ. ನಿಲ್ಲಿಸದಿದ್ದರೆ ಬೆನ್ನು ಹತ್ತುತ್ತಾನೆ. ನಿಲ್ಲಿಸಿದರೆ ಎಣಿಸುತ್ತಾನೆ.

ಎಣಿಸುವುದೇ ಹೆಚ್ಚು ಅಪಾಯ.

ನಿಲ್ಲಿಸಿದೆ. ಎದೆಯ ಪಟ್ಟಿಯಲ್ಲಿ ಲೋಕಯ್ಯ ಎಂದಿತ್ತು. ಬೆವರು ಒರೆಸಿಕೊಂಡು ಬಗ್ಗಿದ.

"ಎಲ್ಲಿಗೆ ಹೋಗುವುದು?"

"ಬೆಳ್ತಂಗಡಿಗೆ ಸಾರ್."

"ಎಷ್ಟು ಜನ ಇದ್ದೀರಿ?" ಬೆರಳು ಎತ್ತಿದ. "ಒಂದು... ಎರಡು..."

ಬೆರಳು ಹಿಂದಿನ ಸೀಟಿನ ಕಡೆಗೆ ತಿರುಗಿತು.

ನಾನು ಅಂಗೈ ಊರಿ ಹಾರ್ನ್ ಒತ್ತಿದೆ. ಬಿಡಲಿಲ್ಲ. ಲೋಕಯ್ಯ ಒಂದು ಮಾರು ಹಿಂದೆ ಹಾರಿದ.

"ಎಂತ ಮಾರಾಯ್ರೆ! ಕಿವಿ ಹೋಯ್ತು!"

"ಸಿಕ್ಕಿಕೊಂಡಿದೆ ಸಾರ್! ಹಳೇ ಗಾಡಿ!"

ಹಿಂದಿನ ಲಾರಿಯವನು ನನಗೆ ಬೈಯಲು ತಾನೂ ಹಾರ್ನ್ ಹೊಡೆದ. ಅದರ ಹಿಂದಿನ ಬಸ್ಸೂ ಸೇರಿಕೊಂಡಿತು.

"ಹೋಗಿ, ಹೋಗಿ! ಮೊದಲು ಗ್ಯಾರೇಜಿಗೆ ಹೋಗಿ!"

ಹೋದೆ. ಎಣಿಕೆ ಎರಡರಲ್ಲೇ ತುಂಡಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಕನ್ನಡಿ ನೋಡಿದೆ. ನೋಡಬಾರದಿತ್ತು. ಅದು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನೇ ನೋಡುತ್ತಿತ್ತು. ಮುಖ ಎಂದೆನಲ್ಲ... ನಾದಿಟ್ಟ ಹಿಟ್ಟಿನ ಹಾಗೆ ನುಣ್ಣಗಿತ್ತು. ಅದರಲ್ಲಿ ಒಂದು ಹುಬ್ಬು ಮಾತ್ರ ಮೂಡಿತ್ತು. ನಡುವೆ ಹಳೆಯ ಗಾಯದ ಗೀರು ಇರುವ ಎಡ ಹುಬ್ಬು.

ಪಕ್ಕಕ್ಕೆ ನೋಡಿದೆ. ಪ್ರಾಪ್ತಿಯ ಎಡಗಣ್ಣಿನ ಮೇಲೆ ಬೋಳಾಗಿತ್ತು.

ಅವಳು ಕೈಯಿಂದ ಅದನ್ನು ಮುಚ್ಚಿಕೊಂಡಳು.

"ಹುಬ್ಬು ನಿನ್ನೆ ಬಸ್ಸಿನಲ್ಲಿ ಹೋದದ್ದು ಆಂಟಿ. ನಾನು ಒಬ್ಬಳೇ ಹತ್ತಿದ್ದು. ಕಂಡಕ್ಟರ್ ಕೇಳದೆಯೇ ಎರಡು ಟಿಕೆಟ್ ಕೊಟ್ಟ."

ನೀವು ಘಟ್ಟದ ಮೇಲಿನವರಾದರೆ ಇದೆಲ್ಲ ನಿಮಗೆ ಗೊತ್ತಿರಲಿಕ್ಕಿಲ್ಲ. ಹೇಳುತ್ತೇನೆ, ಕೇಳಿ.

ನಮ್ಮ ಈ ಮೂರು ತಾಲೂಕುಗಳಲ್ಲಿ ಕರೆದರೆ ಬರುತ್ತವೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕರೆಯಲು ಮಂತ್ರ ಬೇಡ, ಮಂಡಲ ಬೇಡ. ಮನೆಯ ಹಿಂದೆ ಒಂದು ಬಾಳೆಲೆ ಹಾಕಬೇಕು. ಮನೆಯವರಿಗೆ ಬಡಿಸಿದ ಹಾಗೆಯೇ ಉಪ್ಪಿನಿಂದ ಶುರುಮಾಡಿ ಬಡಿಸಬೇಕು. ಆಮೇಲೆ ಯಾರ ಹೆಸರನ್ನೂ ಹೇಳದೆ ಊಟಕ್ಕೆ ಬಾ ಎಂದು ಕರೆಯಬೇಕು. ಹೆಸರಿಲ್ಲದ ಕರೆಗೆ ಹೆಸರಿಲ್ಲದವೇ ಬರುತ್ತವೆ. ಬಂದದ್ದನ್ನು ನಾವು ಕರೆಯಾಳು ಎನ್ನುತ್ತೇವೆ. ಹೇಳಿದ ಕೆಲಸ ಮಾಡುತ್ತದೆ. ಬತ್ತಿದ ಬಾವಿಗೆ ನೀರು ತರುತ್ತದೆ. ಕೋರ್ಟಿನಲ್ಲಿ ಎದುರಾಳಿಯ ನಾಲಗೆ ಕಟ್ಟುತ್ತದೆ.

ಆದರೆ ಆಳು ಎಂದ ಮೇಲೆ ಕೂಲಿ ಉಂಟು!

ಅದು ಕೋಳಿ ಕೇಳುವುದಿಲ್ಲ. ರಕ್ತ ಕೇಳುವುದಿಲ್ಲ. ಕೇಳುವುದು ಒಂದು ಎಡೆ. ಊಟದ ಸಾಲಿನಲ್ಲಿ ಒಬ್ಬರು ಕೂರುವ ಜಾಗ. ಈ ಲೋಕದಲ್ಲಿ ಅದಕ್ಕೆ ಸ್ವಂತ ಜಾಗವಿಲ್ಲ. ಒಬ್ಬರು ಎದ್ದರೆ ಮಾತ್ರ ಅದು ಕೂರಬಹುದು. ಕರೆದವರು ಯಾರ ಎಡೆ ಎಂದು ಹೇಳಿದ್ದೇ ತಡ, ಆ ಮನುಷ್ಯ ಎಲ್ಲರ ನೆನಪಿನಿಂದ ಜಾರಲು ಶುರು. ಜಾಗ ಖಾಲಿ ಮಾಡಿಕೊಡುವುದು ಹಾಗೆ. ದಾರಿಯಲ್ಲಿ ಯಾರಾದರೂ ಅದನ್ನು ಒಬ್ಬರೆಂದು ಎಣಿಸಿದಾಗಲೆಲ್ಲ ಅದಕ್ಕೆ ಆ ಮನುಷ್ಯನದ್ದೊಂದು ಸೇರುತ್ತದೆ. ಇವತ್ತು ಹುಬ್ಬು. ನಾಳೆ ದನಿ. ಕೊನೆಗೆ ಮನೆಯವರೇ ಊಟದ ಸಾಲಿನಲ್ಲಿ ಎಣಿಸಿದರೆ ಮುಗಿಯಿತು. ಎಡೆ ಅದರದ್ದು. ಮಗಳು ಎಂದರೆ ಅದೇ.

ನಾನು ಅಮ್ಮಣಿ. ಬಂದವುಗಳನ್ನು ತಡೆಯುವುದು ನನ್ನ ಕೆಲಸ. ನಾನು ಯಾರನ್ನೂ ಮರೆಯುವುದಿಲ್ಲ. ಅದು ವಿದ್ಯೆಯಲ್ಲ. ಚಾರ್ಮಾಡಿಯ ತಾಯಿಮನೆಯವರು ನನ್ನನ್ನು ಮದುವೆಯ ದಿನವೇ ಲೆಕ್ಕದಿಂದ ತೆಗೆದರು. ಗಂಡ ಸತ್ತ ದಿನ ಗಂಡನ ಮನೆಯವರು ತೆಗೆದರು. ಈಗ ಯಾರ ಮನೆಯ ಊಟದ ಸಾಲಿನಲ್ಲೂ ನನಗೊಂದು ಎಲೆ ಇಲ್ಲ. ಲೆಕ್ಕದೊಳಗೆ ಇರುವವರಿಗೆ ಮಾತ್ರ ಈ ಮರೆವು ತಟ್ಟುತ್ತದೆ. ಹೊರಗೆ ಬಿದ್ದವರಿಗೆ ಎಲ್ಲವೂ ನೆನಪಿರುತ್ತದೆ... ಬೇಡದಿದ್ದರೂ.

ಬೆಳಿಗ್ಗೆ ಪ್ರಾಪ್ತಿ ಸಿಕ್ಕಿದ್ದು ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ. ಹಾಸ್ಟೆಲಿನಲ್ಲಿ ಅವಳ ಮಂಚದ ಮೇಲೆ ಬೇರೆ ಹುಡುಗಿ ಮಲಗಿದ್ದಳಂತೆ. ರೂಮ್‌ಮೇಟ್ ಸುರಕ್ಷಾ, ಎರಡು ವರ್ಷ ಒಂದೇ ಬಕೆಟ್ ಹಂಚಿಕೊಂಡವಳು, ಯಾರು ಬೇಕಿತ್ತು ಎಂದು ಕೇಳಿದಳಂತೆ.

"ಮನೆಗೆ ಹೋಗಲಿಲ್ವಾ?" ಎಂದು ಕೇಳಿದ್ದೆ.

"ಹೋದೆ. ಅಮ್ಮ ಚಾವಡಿಯಲ್ಲಿ ಕೂರಿಸಿದರು. ಬೆಲ್ಲ, ನೀರು ಕೊಟ್ಟರು. ಯಾವ ಕಾಲೇಜು, ಯಾರ ಮಗಳು ಅಂತ ಕೇಳಿದರು."

"ನೀನು ಎಂತ ಹೇಳಿದೆ?"

"ನೀರು ಕುಡಿದೆ."

ಇಂಥ ಕೇಸಿನಲ್ಲಿ ಪತ್ತೆ ಮಾಡುವ ದಾರಿ ಒಂದೇ. ಕರೆದವನಿಗೆ ಮರೆವಿಲ್ಲ! ಕೂಲಿ ಮುಗಿಯುವವರೆಗೆ ಅವನಿಗೆ ಎಲ್ಲ ನೆನಪಿರಬೇಕು. ಆದ್ದರಿಂದ ಹುಡುಗಿಯ ಗುರುತು ಯಾರಿಗೆ ಸಿಗುತ್ತದೆಯೋ ಅವನೇ ಕಳ್ಳ.

ನಾನು ಮೊದಲು ಅಪ್ಪನ ಮೇಲೆ ಸಂಶಯಪಟ್ಟೆ. ಕತಾರಿನಲ್ಲಿರುವ ಜಿತೇಶ್. ಬಸ್ ಸ್ಟ್ಯಾಂಡಿನಿಂದಲೇ ಅವಳ ಕೈಯಲ್ಲಿ ವಿಡಿಯೋ ಕಾಲ್ ಮಾಡಿಸಿದೆ.

"ಹಲೋ, ಯಾರಮ್ಮ?"

"ಪಪ್ಪ..."

"ನಂಬರ್ ತಪ್ಪಿರಬೇಕು ಮಗಳೇ. ನನಗೆ ಮಕ್ಕಳಿಲ್ಲ." ಕಟ್ ಮಾಡುವ ಮೊದಲು ಆ ಮನುಷ್ಯ ಒಂದು ಗಳಿಗೆ ತಡೆದ. "ಬಿಸಿಲಿನಲ್ಲಿ ನಿಲ್ಲಬೇಡ. ಮುಖ ಬಾಡಿದೆ."

ಅವನಲ್ಲ. ನಟನೆ ನನಗೆ ಗೊತ್ತಾಗುತ್ತದೆ.

ನಾನು ದಾರಿ ತಪ್ಪಿದ್ದಕ್ಕೆ ಕಾರಣ ಉಂಟು. ನಮ್ಮದು ಮಕ್ಕಳಕಟ್ಟು. ಮಗಳೆಂದರೆ ಅಪ್ಪನ ಮನೆಯ ಲೆಕ್ಕ. ಪ್ರಾಪ್ತಿಯವರದ್ದು ಅಳಿಯಕಟ್ಟು. ಅವರಲ್ಲಿ ಬರಿ ಎಂದರೆ ಕುಲದ ಕವಲು, ಅದು ಇಳಿಯುವುದು ತಾಯಿಯಿಂದ. ಹುಡುಗಿ ಅಪ್ಪನ ಲೆಕ್ಕಕ್ಕೆ ಸೇರಿದವಳೇ ಅಲ್ಲ. ಕರೆಯುವವನು ತನ್ನ ಬರಿಯವರ ಎಡೆಯನ್ನು ಮಾತ್ರ ಕೊಡಬಲ್ಲ.

"ನಿಮ್ಮ ಬರಿಯಲ್ಲಿ ಗಂಡಸರು ಯಾರು?"

"ಮಾವ ಒಬ್ಬರೇ. ಭೋಜ ಮಾವ, ಅಮ್ಮನ ತಮ್ಮ. ಬೆಳ್ತಂಗಡಿಯಲ್ಲಿ ಹೋಟೆಲ್ ಉಂಟು." ಅವಳ ಮುಖ ಅರಳಿತು. "ನನ್ನನ್ನು ತೊಟ್ಟಿಲಿನಲ್ಲಿ ತೂಗಿದ್ದು ಮಾವನೇ! ಅವರು ನನ್ನನ್ನು ಮರೆಯಲಿಕ್ಕಿಲ್ಲ ಆಂಟಿ!"

ನಾನು ಗೇರ್ ಹಾಕಿದೆ. ಮರೆತಿದ್ದರೆ ಒಳ್ಳೆಯದಿತ್ತು ಎಂದು ಹೇಗೆ ಹೇಳಲಿ?

ದಾರಿಯಲ್ಲಿ ಕೇಳಿದೆ. "ನಿನಗೆ ಆಗದ ತಿಂಡಿ ಯಾವುದು?"

"ಸಿಗಡಿ. ಸಣ್ಣದಿರುವಾಗ ತಿಂದು ಗಂಟಲು ಮುಚ್ಚಿಹೋಗಿತ್ತು. ಮಾವ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರಂತೆ. ಯಾಕೆ?"

"ಇವತ್ತು ನೀನು ಸಿಗಡಿ ತಿನ್ನುವ ಹಾಗೆ ಮಾಡಬೇಕು. ಮಾಡುವ ಹಾಗೆ ಮಾತ್ರ. ಗೊತ್ತಾಯ್ತಾ?"

ಅವಳಿಗೆ ಗೊತ್ತಾಯಿತು. ಅರಳಿದ ಮುಖ ಮುಚ್ಚಿಕೊಂಡಿತು.

ಹೋಟೆಲ್ ತುಂಬಿ ತುಳುಕುತ್ತಿತ್ತು. ಊಟದ ಹೊತ್ತಿಗೆ ಇನ್ನೂ ಸಮಯವಿತ್ತು, ಆದರೂ ಒಂದು ಕುರ್ಚಿ ಖಾಲಿಯಿಲ್ಲ! ಬಂದವರ ಕಣ್ಣಿನಲ್ಲಿ ಹಸಿವಿರಲಿಲ್ಲ. ಯಾರೋ ತೋಳು ಹಿಡಿದು ಎಳೆದು ತಂದು ಕೂರಿಸಿದ ಹಾಗೆ ಕೂತಿದ್ದರು. ಕರೆಯಾಳು ದುಡಿಯುತ್ತಿತ್ತು.

ಇಪ್ಪತ್ತರ ಒಬ್ಬ ಹುಡುಗ ನಗುತ್ತ ಬಂದ. "ಬನ್ನಿ ಮೇಡಂ, ಕ್ಯಾಶಿನ ಹತ್ತಿರ ಟೇಬಲ್ ಖಾಲಿಯಾಗ್ತಾ ಉಂಟು."

"ಉಜ್ಜು..." ಪ್ರಾಪ್ತಿಯ ಬಾಯಿಂದ ಜಾರಿತು.

ಭೋಜನ ಮಗ ಉಜ್ವಲ್. ಅವಳ ಜೊತೆ ಆಡಿ ಬೆಳೆದವನು. ಅವನು ಕಣ್ಣು ಕಿರಿದು ಮಾಡಿ ನೋಡಿದ. "ನನ್ನ ಪರಿಚಯ ಉಂಟಾ?"

"ಇಲ್ಲ... ಯಾರದೋ ಹಾಗೆ ಕಂಡಿತು."

ಕ್ಯಾಶ್ ಕೌಂಟರಿನಲ್ಲಿ ಭೋಜ. ಬಿಳಿ ಅಂಗಿ, ಕುತ್ತಿಗೆಯಲ್ಲಿ ದಪ್ಪ ಸರ. ನಮ್ಮನ್ನು ನೋಡಿದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಎಲ್ಲ ಗಿರಾಕಿಗಳಿಗೂ ಕೊಡುವ ನಗುವನ್ನೇ ಕೊಟ್ಟ.

ಒಳ್ಳೆಯ ಆಟಗಾರ.

"ಎರಡು ಊಟ," ಎಂದೆ ಜೋರಾಗಿ. "ಎರಡು ಸಿಗಡಿ ಸುಕ್ಕ."

ಚಿಲ್ಲರೆ ಎಣಿಸುತ್ತಿದ್ದ ಅವನ ಬೆರಳು ಒಮ್ಮೆ ನಿಂತಿತು. ಮತ್ತೆ ಎಣಿಸಿತು.

ಪ್ಲೇಟು ಬಂತು. ಪ್ರಾಪ್ತಿ ಒಂದು ಸಿಗಡಿ ಎತ್ತಿಕೊಂಡಳು. ಬಾಯಿಯ ಹತ್ತಿರ ತಂದಳು. ತುಟಿಗೆ ತಾಗಿಸಿದಳು... ಅವಳು ನಟಿಸುತ್ತಿರಲಿಲ್ಲ. ನನಗೆ ತಟ್ಟನೆ ಹೊಳೆಯಿತು. ಅವಳು ನಿಜವಾಗಿ ತಿನ್ನಲು ಹೊರಟಿದ್ದಳು! ಮಾವ ತಡೆಯದಿದ್ದರೆ ಆಮೇಲೆ ಬದುಕಿ ಏನು ಮಾಡುವುದೆಂದು.

"ತಿನ್ನಬೇಡ ಮಗಾ!"

ಇಡೀ ಹೋಟೆಲ್ ತಿರುಗಿ ನೋಡಿತು. ಭೋಜ ಎದ್ದು ನಿಂತಿದ್ದ. ಚಿಲ್ಲರೆ ನೆಲದ ಮೇಲೆಲ್ಲ ಉರುಳುತ್ತಿತ್ತು.

ಸಿಗಡಿ ಪ್ಲೇಟಿಗೆ ಬಿತ್ತು. ಪ್ರಾಪ್ತಿ ಕೈ ತೊಳೆದುಕೊಳ್ಳಲಿಲ್ಲ. ಮಾವನನ್ನೇ ನೋಡಿದಳು.

ಅವನು ನಮ್ಮನ್ನು ಅಕ್ಕಿಮೂಟೆಗಳ ಕೋಣೆಗೆ ಕರೆದುಕೊಂಡು ಹೋದ. ಬಾಗಿಲು ಹಾಕಿದ.

"ಯಾರು ನೀವು?"

"ಅಮ್ಮಣಿ. ಬಿ.ಸಿ.ರೋಡಿನವಳು."

"ಓ... ಆ ಅಮ್ಮಣಿ." ಬೆವರಿದ. "ಇದು ಕುಟುಂಬದ ವಿಷಯ. ನೀವು ನಡುವೆ ಬರಬೇಡಿ."

"ಮಾವ, ಯಾಕೆ?" ಎಂದಳು ಪ್ರಾಪ್ತಿ.

ಅವನು ಅವಳ ಕಡೆ ನೋಡಲಿಲ್ಲ. ನನಗೇ ಹೇಳಿದ. "ರಸ್ತೆ ಅಗಲ ಮಾಡಿದ ಮೇಲೆ ಒಂದು ಗಾಡಿ ನಿಲ್ಲುವುದಿಲ್ಲ ಇಲ್ಲಿ! ಮೂವತ್ತು ವರ್ಷ ಕಟ್ಟಿದ್ದು... ಕಣ್ಣೆದುರೇ ಹೋಗ್ತಾ ಇತ್ತು. ಎಂತ ಮಾಡ್ಲಿ?"

"ಮಗನ ಎಡೆ ಕೊಡಬಹುದಿತ್ತಲ್ಲ?"

"ಅವನು ನನ್ನ ಬರಿಯವನಾ? ಅವನು ಅವನ ತಾಯಿಯ ಬರಿ! ಕೊಡ್ಲಿಕ್ಕೆ ನನಗೆ ಅಧಿಕಾರವೇ ಇಲ್ಲ. ನಮ್ಮದು ಅಳಿಯಕಟ್ಟು. ಕಟ್ಟು ಮುರೀಲಿಕ್ಕೆ ಆಗ್ತದಾ?"

"ಹೋಟೆಲ್ ಯಾರ ಹೆಸರಿಗೆ ಮಾಡಿದ್ದೀರಿ?"

ಕುತ್ತಿಗೆಯ ಸರ ಸರಿಮಾಡಿಕೊಂಡ.

"ಹೇಳಿ ಭೋಜಣ್ಣ."

"...ಉಜ್ವಲ್‌ನ ಹೆಸರಿಗೆ."

"ಆಸ್ತಿ ಕೊಡುವಾಗ ಮಗ. ಕೂಲಿ ಕೊಡುವಾಗ ಅಕ್ಕನ ಮಗಳು. ಕಟ್ಟು ಚೆನ್ನಾಗಿ ಉಂಟು! ನಿಮ್ಮದೇ ಎಡೆ ಕೊಡಬಹುದಿತ್ತು. ಅದಕ್ಕೆ ಅಧಿಕಾರ ಇತ್ತಲ್ಲ?"

ಉತ್ತರವಿಲ್ಲದ ಗಂಡಸು ದನಿ ಏರಿಸುತ್ತಾನೆ.

"ಅಕ್ಕನಿಗೆ ಎಂತ ನಷ್ಟ? ಮಗಳು ಇರ್ತಾಳಲ್ಲ! ಅದೇ ಮುಖ, ಅದೇ ಮಾತು! ಇನ್ನೂ ಹೇಳಿದ ಹಾಗೆ ಕೇಳಿಕೊಂಡು ಇರ್ತಾಳೆ. ಯಾರಿಗೂ ದುಃಖ ಇಲ್ಲ."

"ನನಗೆ?" ಎಂದಳು ಪ್ರಾಪ್ತಿ.

ಅವನು ಆಗ ಅವಳನ್ನು ನೋಡಿದ. ಮೊದಲ ಸಲ. ಕಣ್ಣು ತುಂಬಿತು. ಸುಳ್ಳು ಕಣ್ಣೀರಲ್ಲ... ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಪ್ರೀತಿ ಇದ್ದೂ ಮಾರಿದ್ದ.

"ಇವತ್ತು ತರವಾಡಿನಲ್ಲಿ, ನಮ್ಮ ಮೂಲಮನೆಯಲ್ಲಿ, ಕುಟುಂಬದ ಊಟ. ಮಧ್ಯಾಹ್ನ ಅಕ್ಕ ಎಲೆ ಎಣಿಸ್ತಾಳೆ. ಅಷ್ಟರವರೆಗೆ ಇಲ್ಲೇ ಇರಿ. ಉಪವಾಸ ಹಾಕುವುದಿಲ್ಲ."

ಹೊರಗಿನಿಂದ ಚಿಲಕ ಹಾಕಲು ಬಾಗಿಲು ತೆರೆದ. ನಾನು ಪಕ್ಕದ ಎಣ್ಣೆ ಟಿನ್ನನ್ನು ಕಾಲಿನಿಂದ ನೂಕಿದೆ. ಅದು ಅವನ ಪಾದದ ಮೇಲೆ ಬಿತ್ತು. ಕಿರುಚಿದ. ನಾನು ಹುಡುಗಿಯ ಕೈ ಹಿಡಿದು ಅಡುಗೆಮನೆಗೆ ನುಗ್ಗಿದೆ. ಹಬೆ, ಹೊಗೆ, ಅನ್ನದ ಕೊಪ್ಪರಿಗೆ. ಯಾರೋ ಕೂಗಿದರು. ಹಿಂಬಾಗಿಲು. ಕಾರು!

"ಓಡು!"

ಸ್ಟಾರ್ಟ್ ಆಯಿತು. ಒಂದೇ ಸಲಕ್ಕೆ. ಆ ಗಾಡಿ ನನ್ನ ಮಾತು ಕೇಳಿದ್ದು ಅದೊಂದೇ ದಿನ.

ಗುರುವಾಯನಕೆರೆ ದಾಟಿದ ಮೇಲೆ ಕನ್ನಡಿ ನೋಡಿದೆ. ಹಿಂದಿನ ಸೀಟು ಖಾಲಿ.

"ಹೋಯ್ತಾ ಆಂಟಿ?"

"ಹೋಯ್ತು."

"ಒಳ್ಳೆಯದಾಯ್ತಲ್ಲ?"

"ಇಲ್ಲ ಮಗಾ. ನಮಗಿಂತ ಮೊದಲೇ ಹೋಗಿದೆ. ಊಟಕ್ಕೆ."

ಮಡಂತ್ಯಾರಿನ ಹತ್ತಿರ ಕಪ್ಪು ಥಾರ್ ಕಾಣಿಸಿಕೊಂಡಿತು. ಭೋಜ! ಒಂದು ಕಾಲು ಜಜ್ಜಿಹೋಗಿದ್ದರೂ ಇನ್ನೊಂದರಿಂದ ಚೆನ್ನಾಗಿಯೇ ಆಕ್ಸಿಲರೇಟರ್ ಒತ್ತುತ್ತಿದ್ದ. ಪುಂಜಾಲಕಟ್ಟೆಯಲ್ಲಿ ನನ್ನ ಬಂಪರಿಗೆ ಗುದ್ದಿದ. ಕಾರು ಮಣ್ಣಿಗಿಳಿಯಿತು. ಮತ್ತೆ ರಸ್ತೆಗೆ ತಂದೆ. ಮತ್ತೆ ಗುದ್ದಿದ!

ಎದುರಿನಿಂದ ಸರ್ವಿಸ್ ಬಸ್. ಅದರ ಮುಂದೆ ನಿಧಾನಕ್ಕೆ ಒಂದು ಆಟೋ. ಬಸ್ಸು ಓವರ್‌ಟೇಕಿಗೆ ಹೊರಬಂತು. ನಮ್ಮ ಕಡೆಯ ಬಸ್ಸಿನ ಡ್ರೈವರುಗಳು ಬ್ರೇಕ್ ಎಂಬುದನ್ನು ಕೇಳಿಲ್ಲ. ನಾನು ಆಟೋ ಮತ್ತು ಬಸ್ಸಿನ ನಡುವಿನ ಸಂದಿಗೆ ಗಾಡಿ ತೂರಿಸಿದೆ. ಎರಡೂ ಕಡೆಯ ಕನ್ನಡಿಗಳು ಹಾರಿಹೋದವು. ಹಿಂದೆ ಟಯರು ಕಿರುಚಿದ ಸದ್ದು. ಥಾರ್ ಚರಂಡಿಗೆ ಇಳಿದಿತ್ತು.

ಹೊರಗೆ ಬರಲು ಸ್ವಲ್ಪ ಹೊತ್ತು ಬೇಕು. ನನಗೆ ಅಷ್ಟು ಸಾಕು.

"ಆಂಟಿ..." ದನಿ ಎಲ್ಲಿಂದಲೋ ಬಂದ ಹಾಗಿತ್ತು.

ನೋಡಿದೆ. ಸೀಟ್ ಬೆಲ್ಟು ಅವಳ ಮೈಮೇಲೆ ಸಡಿಲವಾಗಿ ಬಿದ್ದಿತ್ತು. ಅವಳ ಮೂಲಕ ಸೀಟಿನ ಹೊಲಿಗೆ ಕಾಣುತ್ತಿತ್ತು.

ತರವಾಡು ಮನೆ ಬಂಟ್ವಾಳದ ಹತ್ತಿರ, ಪೇಟೆಯಿಂದ ಸ್ವಲ್ಪ ಒಳಗೆ. ಚಾವಡಿಯಲ್ಲಿ ಚಾಪೆ ಹಾಸಿ ಎಲೆಗಳನ್ನು ಹಾಕಿದ್ದರು. ಹೆಂಗಸರ ಸಾಲು ಒಂದು ಕಡೆ, ಮನೆಯ ಅಳಿಯಂದಿರು, ನೆಂಟರು ಸೇರಿದ ಗಂಡಸರದ್ದು ಇನ್ನೊಂದು ಕಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯಲ್ಲಿ ಎಲೆ ಎಣಿಸುತ್ತಿದ್ದವಳು ನೀಲಾವತಿ. ಪ್ರಾಪ್ತಿಯ ತಾಯಿ. ಆ ಕುಟುಂಬದ ಹಿರಿಯ ಹೆಂಗಸು.

ಹೆಂಗಸರ ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ಒಂದು ಹುಡುಗಿ ಕೂತಿತ್ತು. ಪ್ರಾಪ್ತಿಯದ್ದೇ ಚೂಡಿದಾರ. ಪ್ರಾಪ್ತಿಯದ್ದೇ ಜಡೆ.

"ಒಂಬತ್ತು... ಹತ್ತು..."

"ನೀಲಾವತಿಯಕ್ಕಾ, ನಿಲ್ಲಿ!"

ಬೆರಳು ಗಾಳಿಯಲ್ಲಿ ನಿಂತಿತು. ಎಲ್ಲರೂ ನನ್ನನ್ನು ನೋಡಿದರು. ನನ್ನ ಹಿಂದೆ, ಹೊಸ್ತಿಲಿನ ಹೊರಗೆ, ನಿಜವಾದ ಹುಡುಗಿ ನಿಂತಿದ್ದಳು. ಬಿಸಿಲು ಅವಳ ಮೂಲಕವೇ ಚಾವಡಿಗೆ ಬೀಳುತ್ತಿತ್ತು.

ನಾನು ಹೇಳಿದೆ. ಎಲ್ಲವನ್ನೂ. ಕರೆಯಾಳು, ಹೋಟೆಲ್, ತಮ್ಮ. ಅಂಥ ಮಾತನ್ನು ನಂಬದವರು ನಮ್ಮ ಕಡೆ ಕಡಿಮೆ. ಊಟಕ್ಕೆ ಕೂತಿದ್ದವರು ಒಬ್ಬೊಬ್ಬರಾಗಿ ಎಲೆಯಿಂದ ಕೈ ಹಿಂದಕ್ಕೆ ತೆಗೆದರು. ಆ ಹುಡುಗಿಯಂಥದ್ದು ಮಾತ್ರ ತಲೆ ಎತ್ತಲಿಲ್ಲ. ಉಪ್ಪನ್ನು ಬೆರಳಿನಿಂದ ಸರಿಮಾಡುತ್ತ ಕೂತಿತ್ತು.

"ನಾನು ಎಂತ ಮಾಡಬೇಕು?" ನೀಲಾವತಿಯ ದನಿ ತಣ್ಣಗಿತ್ತು.

"ಅಳಿಯಕಟ್ಟಿನಲ್ಲಿ ಗಂಡಸು ಯಜಮಾನಿಕೆ ಮಾಡುವುದು ಯಾರ ಪರವಾಗಿ? ಹಿರಿಯ ಹೆಂಗಸಿನ ಪರವಾಗಿ. ಭೋಜಣ್ಣ ನಿಮ್ಮನ್ನು ಕೇಳದೆ ನಿಮ್ಮ ಸಾಲಿನ ಎಡೆ ಕೊಟ್ಟಿದ್ದಾರೆ. ನೀವು ಒಪ್ಪದಿದ್ದರೆ ಅದು ನಡೆಯುವುದಿಲ್ಲ. ಅದನ್ನು ಎಣಿಸಬೇಡಿ. ಇವಳನ್ನು ಎಣಿಸಿ."

"ಆಗ ಅದು ಸುಮ್ಮನೆ ಹೋಗ್ತದಾ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ. ಕರೆದವರ ಎಡೆ ತೆಗೆದುಕೊಳ್ತದೆ."

ಅವಳು ಸೌಟನ್ನು ಕೆಳಗಿಟ್ಟಳು. "ಅಂದರೆ ನಾನು ಸಾಕಿದ ತಮ್ಮನನ್ನು ಬಿಟ್ಟು, ಯಾರೆಂದೇ ಗೊತ್ತಿಲ್ಲದ ಹುಡುಗಿಯನ್ನು ಎಣಿಸಬೇಕು. ಅಷ್ಟೇ ಅಲ್ವಾ?"

"ಅಷ್ಟೇ."

ಅಷ್ಟರಲ್ಲಿ ಭೋಜ ಕುಂಟುತ್ತ ಅಂಗಳಕ್ಕೆ ಬಂದ. ಅಂಗಿಗೆಲ್ಲ ಚರಂಡಿಯ ಕೆಸರು.

"ಅಕ್ಕ! ಕೇಳಬೇಡ ಆ ಹೆಂಗಸಿನ ಮಾತು! ಆಸ್ತಿ ಹೊಡೀಲಿಕ್ಕೆ ಯಾರನ್ನೋ ಕರಕೊಂಡು ಬಂದಿದ್ದಾಳೆ! ನಿನಗೆ ಮಗಳೆಲ್ಲಿ? ನೀನು ಹೆತ್ತೇ ಇಲ್ಲ!"

ಪ್ರಾಪ್ತಿ ಅಮ್ಮ ಎಂದು ಕೂಗಲಿಲ್ಲ. ಹಾಗೆ ಕೂಗಿ, ಬೆಲ್ಲ ನೀರು ಕುಡಿದು ಬಂದವಳು ಅವಳು.

ನೀಲಾವತಿ ಅವಳನ್ನು ನೋಡಿದಳು. ಬಹಳ ಹೊತ್ತು. ಏನೂ ಸಿಗಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ತಮ್ಮನ ಕಡೆ ತಿರುಗಿದಳು.

"ಭೋಜ, ಒಂದು ಕೇಳ್ತೇನೆ. ನನ್ನ ಹೊಟ್ಟೆಯ ಕೆಳಗೆ ಒಂದು ಹೊಲಿಗೆಯ ಗೀರು ಉಂಟು."

ಗಂಡಸರ ಸಾಲು ನೆಲ ನೋಡಿತು.

"ದಿನಾ ಮೀಯುವಾಗ ಕೈಗೆ ಸಿಗ್ತದೆ. ಈಗ ಸ್ವಲ್ಪ ಸಮಯದಿಂದ ಅದು ಎಂತದ್ದು ಅಂತ ನೆನಪೇ ಆಗುವುದಿಲ್ಲ. ಯಾರನ್ನು ಕೇಳುವುದು? ನಾಚಿಕೆ. ನಿನಗೆ ಎಲ್ಲ ನೆನಪು ಉಂಟಲ್ಲ... ಹೇಳು. ಎಂತದ್ದು ಅದು?"

ಅವನು ಒಂದು ಕ್ಷಣವೂ ತಡೆಯಲಿಲ್ಲ. "ಗರ್ಭಕೋಶ ತೆಗೆದದ್ದು ಅಕ್ಕ! ನಾನೇ ಆಸ್ಪತ್ರೆಗೆ ಕರಕೊಂಡು ಹೋಗಿದ್ದೆ. ಬೆಡ್ಡಿನ ಹತ್ತಿರ ನಾನೇ ಕೂತಿದ್ದೆ!"

ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿ ಫಕ್ಕನೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡಳು.

ನೀಲಾವತಿ ನಗಲಿಲ್ಲ.

"ಅದು ಇನ್ನೂ ಒಳಗೇ ಉಂಟು ತಮ್ಮ. ಕಳೆದ ವಾರ ನಾನು ದೇವರ ಕೋಣೆಯ ದೀಪ ಹಚ್ಚದೆ ಹೊರಗೆ ಕೂತದ್ದು ಯಾಕೆ ಅಂತ ಮಾಡಿದ್ದೀ?"

ಗಂಡಸರು ಸಿಕ್ಕಿಬೀಳುವುದೇ ಇಲ್ಲಿ. ಮನೆಯ ಒಂದೊಂದು ಬಾಗಿಲಿಗೂ ಬೀಗ ಹಾಕುತ್ತಾರೆ. ಹೆಂಗಸಿನ ಮೈಯೊಳಗೆ ಏನು ಉಂಟು, ಏನು ಇಲ್ಲ ಎಂದು ಕೇಳಲು ಮರೆಯುತ್ತಾರೆ.

"ನೀನು ಸುಳ್ಳು ಹೇಳಿದೆ," ಎಂದಳು ನೀಲಾವತಿ. "ಹಾಗಾದರೆ ಹೊಟ್ಟೆ ಕೊಯ್ದದ್ದು ಯಾರನ್ನೋ ಹೊರಗೆ ತೆಗೀಲಿಕ್ಕೆ. ಮುಖ ನೆನಪಿಲ್ಲ. ಹೆಸರು ನೆನಪಿಲ್ಲ. ಇರಲಿ."

"ಅಕ್ಕ... ನಿನ್ನ ತಮ್ಮ ನಾನು..."

"ಹೌದು. ಅದು ನೆನಪಿರುವಾಗಲೇ ಮಾಡ್ತಾ ಇದ್ದೇನೆ. ನೆನಪು ಹೋದ ಮೇಲೆ ಮಾಡಿದರೆ ಅದಕ್ಕೆ ಬೆಲೆ ಇಲ್ಲ."

ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಬೆರಳು ನಡುಗಲಿಲ್ಲ. ಅದು ಸಾಲಿನ ಕೊನೆಯನ್ನು ದಾಟಿತು, ಉಪ್ಪು ಸರಿಮಾಡುತ್ತಿದ್ದ ಆ ತಗ್ಗಿದ ತಲೆಯನ್ನು ದಾಟಿತು, ಹೊಸ್ತಿಲನ್ನು ದಾಟಿ ಬಿಸಿಲಿನಲ್ಲಿ ನಿಂತವಳನ್ನು ಮುಟ್ಟಿದ ಹಾಗೆ ನಿಂತಿತು.

"ಹನ್ನೊಂದು," ಎಂದಳು. "ಬಾ. ಅನ್ನ ಆರ್ತದೆ."

ಸಿಡಿಲು ಹೊಡೆಯಲಿಲ್ಲ. ದೀಪ ಆರಲಿಲ್ಲ. ನೆರಳು ಮಾತ್ರ ಬಿತ್ತು. ಹೊಸ್ತಿಲಿನ ಒಳಗೆ, ಒಂದು ಹುಡುಗಿಯ ನೆರಳು. ಗೀರು ಇರುವ ಹುಬ್ಬು ಅದರ ಜಾಗಕ್ಕೆ ಬಂದಿತ್ತು.

"ಪ್ರಾಪ್ತಿ!" ನೀಲಾವತಿ ಗದರಿದಳು. "ಎಂತ ಮುಖ ಇದು? ಹಾಸ್ಟೆಲಿನಲ್ಲಿ ತಿನ್ಲಿಕ್ಕೆ ಕೊಡುವುದಿಲ್ವಾ? ಕೈ ತೊಳೆದು ಕೂತುಕೋ!" ಗಲ್ಲ ಒರೆಸಿಕೊಂಡು ಒದ್ದೆಯಾದ ಬೆರಳನ್ನು ನೋಡಿದಳು. ಯಾಕೆಂದು ಅವಳಿಗೆ ಗೊತ್ತಾಗಲಿಲ್ಲ.

ಸಾಲಿನ ಕೊನೆಯ ಎಲೆ ಖಾಲಿಯಾಗಿತ್ತು. ಪ್ರಾಪ್ತಿ ಅಲ್ಲಿ ಕೂತಳು. ಗಂಡಸರ ಸಾಲಿನ ಮೊದಲ ಎಲೆಯಲ್ಲಿ, ಬಿಳಿ ಅಂಗಿ ಹಾಕಿದ ಒಬ್ಬರು ತಲೆ ತಗ್ಗಿಸಿ ಕೂತಿದ್ದರು. ಕುತ್ತಿಗೆಯಲ್ಲಿ ದಪ್ಪ ಸರ.

"ಭೋಜ, ಇನ್ನೊಂದು ಸೌಟು ಹಾಕಲಾ?" ನೀಲಾವತಿ ಅದಕ್ಕೆ ಕೇಳಿದಳು.

ಅದು ತಲೆಯಾಡಿಸಿತು.

ಅಂಗಳದಲ್ಲಿ ನಿಂತಿದ್ದವನು ಒಮ್ಮೆ ಅಕ್ಕ ಎಂದ. ಅವಳು ತಿರುಗಿ ನೋಡಿದಳು. ಕಣ್ಣಿನಲ್ಲಿ ಮರ್ಯಾದೆ ಇತ್ತು, ಬೇರೇನೂ ಇರಲಿಲ್ಲ.

"ಯಾರ ಕಡೆಯವರು ನೀವು? ಕಾಲಿಗೆ ಪೆಟ್ಟಾಗಿದೆಯಲ್ಲ... ಊಟ ಮಾಡದೆ ಹೋಗಬೇಡಿ."

ಪ್ರಾಪ್ತಿ ನನ್ನನ್ನು ನೋಡಿ ತಾಯಿಯ ಕಿವಿಯಲ್ಲಿ ಏನೋ ಕೇಳಿದಳು. ತಾಯಿ ಭುಜ ಹಾರಿಸಿದಳು. ಲೆಕ್ಕದೊಳಗೆ ಸೇರಿದ ಮೇಲೆ ಅವಳಿಗೂ ಮರೆವು. ನನ್ನ ಕೆಲಸ ಸರಿಯಾಗಿ ಆದರೆ ನನಗೆ ಥ್ಯಾಂಕ್ಸ್ ಹೇಳಲು ಯಾರೂ ಉಳಿಯುವುದಿಲ್ಲ. ಒಡೆದ ಕನ್ನಡಿಗಳ ಕಾರನ್ನು ಹತ್ತಿ ಹೊರಟುಬಂದೆ.

ಬೆಳ್ತಂಗಡಿಯ ಹೋಟೆಲ್ ಈಗಲೂ ತುಂಬಿರುತ್ತದೆ. ಕ್ಯಾಶಿನಲ್ಲಿ ಕೂತವರದ್ದು ಮಾತು ಕಡಿಮೆ. ಉಜ್ವಲ್ ಅದನ್ನು ಅಪ್ಪ ಎಂದು ಕರೆಯುತ್ತಾನೆ. ನಾನು ಆ ರಸ್ತೆಯಲ್ಲಿ ಹೋಗುವಾಗ ಆ ಕಡೆ ನೋಡುವುದಿಲ್ಲ. ಆದರೂ ಅದು ನನ್ನನ್ನು ನೋಡುತ್ತದೆ... ಗೊತ್ತಾಗುತ್ತದೆ.

ಭೋಜ ಮೊನ್ನೆ ಬಿ.ಸಿ.ರೋಡಿನ ನನ್ನ ಅಂಗಡಿಕೋಣೆಯ ಬಾಗಿಲಿಗೆ ಬಂದಿದ್ದ. ಗಡ್ಡ ಬೆಳೆದಿತ್ತು. ಬಿಸಿಲು ಅವನ ಮೂಲಕ ಸ್ವಲ್ಪ ಸ್ವಲ್ಪ ಒಳಗೆ ಬರುತ್ತಿತ್ತು.

"ಅಮ್ಮಣಿಯಕ್ಕಾ, ನಿಮಗೊಬ್ಬರಿಗೆ ನನ್ನ ಗುರುತು ಉಂಟು. ನನ್ನ ಎಡೆ ಬಿಡಿಸಿಕೊಡಿ. ಕೈ ಮುಗೀತೇನೆ."

ಪಾಪ ಅನಿಸಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿ ಅನಿಸಿತು.

"ಅದು ಬರಿಗೈಯಲ್ಲಿ ಎದ್ದು ಹೋಗುವುದಿಲ್ಲ ಭೋಜಣ್ಣ. ಬದಲಿಗೆ ಯಾರದ್ದಾದರೂ ಎಡೆ ಬೇಕು. ಯಾರದ್ದು ಕೊಡ್ತೀರಿ?"

ಅವನು ಯೋಚಿಸಿದ. ಅತ್ತಿತ್ತ ನೋಡಿದ. ಆಮೇಲೆ ಒಂದು ಹೆಸರು ಹೇಳಲು ಬಾಯಿ ತೆರೆದ.

ನಾನು ಶಟರ್ ಎಳೆದೆ.